ನಂಬರ್ ಏರಿಸುವ ಮುನ್ನ: ಸ್ಕೀ ಟೂರಿಂಗ್ ಬೈಂಡಿಂಗ್ ರಿಪೇರಿಯಲ್ಲಿ ಕಲಿತದ್ದು

"ಬೈಂಡಿಂಗ್ ಸುಮ್ಮಸುಮ್ಮನೆ ಬಿಚ್ಕೊಳ್ತಿದೆ ಸರ್, ನಂಬರ್ ಸ್ವಲ್ಪ ಏರಿಸಿಕೊಡಿ."

ಚಳಿಗಾಲ ಪೂರ್ತಿ ನಮ್ಮ ರಿಪೇರಿ ಬೆಂಚಿಗೆ ಬರುವ ದೂರುಗಳಲ್ಲಿ ಇದರಷ್ಟು ಸಾಮಾನ್ಯವಾದದ್ದು ಬೇರೊಂದಿಲ್ಲ. ಬೈಂಡಿಂಗ್ ಎಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ, ನಂಬರ್ ಎಂದರೆ ಎಷ್ಟು ಬಲ ಬಿದ್ದರೆ ಅದು ಬೂಟನ್ನು ಬಿಡಬೇಕು ಎನ್ನುವ ಹೊಂದಿಕೆ. ಕೇಳಿದ್ದನ್ನು ಮಾಡಿಕೊಡಲು ಅರ್ಧ ನಿಮಿಷವೂ ಬೇಡ, ಸ್ಕ್ರೂಡ್ರೈವರ್ ಇಟ್ಟು ಒಂದಿಷ್ಟು ತಿರುಗಿಸಿದರೆ ಮುಗಿಯಿತು. ಆದರೆ ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠವೇ ಆ ಸ್ಕ್ರೂವನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು ಎನ್ನುವುದು. ಬಿಚ್ಚಿಕೊಳ್ಳುವ ಬೈಂಡಿಂಗ್‌ನಲ್ಲಿ ಸ್ಪ್ರಿಂಗಿನ ತಪ್ಪು ಅಪರೂಪ. ಕಾರಣ ಬೇರೆಲ್ಲೋ ಇದ್ದಾಗ ನಂಬರ್ ಏರಿಸಿದರೆ ಕಾರಣ ಹಾಗೇ ಉಳಿಯುತ್ತದೆ, ಬಿದ್ದಾಗ ಬೂಟು ಬಿಡದಿರುವ ಅಪಾಯ ಹೊಸದಾಗಿ ಸೇರಿಕೊಳ್ಳುತ್ತದೆ.

ಹೊಸಬರಿಗಾಗಿ ಎರಡು ಮಾತು. ಸ್ಕೀ ಟೂರಿಂಗ್ ಎಂದರೆ ಲಿಫ್ಟ್ ಇಲ್ಲದ ಬೆಟ್ಟವನ್ನು ಸ್ಕೀ ತೊಟ್ಟೇ ಹತ್ತಿ, ಸ್ಕೀ ಮೇಲೆಯೇ ಇಳಿಯುವುದು. ಇದರಲ್ಲಿ ಬೈಂಡಿಂಗ್ ಹತ್ತುವಾಗ ಹಿಮ್ಮಡಿ ಎತ್ತಲು ಬಿಡಬೇಕು, ಇಳಿಯುವಾಗ ಬಿಗಿಯಾಗಿ ನಿಲ್ಲಬೇಕು, ಕೆಟ್ಟದಾಗಿ ಬಿದ್ದರೆ ಕಾಲು ಮುರಿಯುವ ಮೊದಲೇ ಬೂಟನ್ನು ಬಿಟ್ಟುಕೊಡಬೇಕು. ಇಂದು ಹೆಚ್ಚಿನವರ ಕಾಲಲ್ಲಿರುವುದು ಪಿನ್ ಬೈಂಡಿಂಗ್. ಇದರ ಮೂಲ ವಿನ್ಯಾಸ 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಟೆಲ್ ಅವರದು. ಮುಂದಿನ ಭಾಗದಲ್ಲಿ (ಟೋ ಪೀಸ್) ಎರಡು ರೆಕ್ಕೆಗಳು ಸ್ಪ್ರಿಂಗಿನ ಬಲದಿಂದ ಬೂಟಿನ ತುದಿಯನ್ನು ಎರಡೂ ಬದಿಯಿಂದ ಪಿನ್ನಿನಲ್ಲಿ ಹಿಡಿಯುತ್ತವೆ. ಹಿಂದಿನ ಭಾಗದಲ್ಲಿ (ಹೀಲ್ ಪೀಸ್) ಎರಡು ಪಿನ್ನುಗಳು ಬೂಟಿನ ಹಿಮ್ಮಡಿಯೊಳಗೆ ತೂರಿ ನಿಲ್ಲುತ್ತವೆ. ಬೂಟು ಪಕ್ಕಕ್ಕೆ ಬಿಡುವುದೂ ಮೇಲಕ್ಕೆ ಬಿಡುವುದೂ ಹೆಚ್ಚಿನ ಮಾದರಿಗಳಲ್ಲಿ ಹೀಲ್ ಪೀಸಿನ ಕೆಲಸ. ಇಷ್ಟು ಸಣ್ಣ ಲೋಹದ ಮೇಲೆ ಇಷ್ಟೆಲ್ಲ ಭಾರ ಬಿದ್ದಿರುವುದರಿಂದಲೇ ಒಂದು ಮಿಲಿಮೀಟರ್ ವ್ಯತ್ಯಾಸವೂ, ಒಂದು ಚೂರು ಮಂಜುಗಡ್ಡೆಯೂ ಇಲ್ಲಿ ದೊಡ್ಡ ವಿಷಯ.

ದೂರು ಬಂದಾಗ ನಾನು ಮೊದಲು ಕೇಳುವುದು ಬೂಟನ್ನು. ಸ್ಕೀ ಮಾತ್ರ ತಂದವರನ್ನು ಬೂಟು ತರಲು ವಾಪಸ್ ಕಳಿಸುತ್ತೇನೆ, ಅವರಿಗೆ ಬೇಸರವಾದರೂ ಸರಿ. ಬೂಟು ಇಲ್ಲದೆ ಬೈಂಡಿಂಗ್ ಪರೀಕ್ಷೆಗೆ ಅರ್ಥವಿಲ್ಲ.

ಒಬ್ಬರ ಎಡಗಾಲು ಮಾತ್ರ ಬಿಚ್ಚಿಕೊಳ್ಳುತ್ತಿತ್ತು. ನಂಬರನ್ನು ಅವರೇ ಮನೆಯಲ್ಲಿ ಒಂದು ಸಲ ಏರಿಸಿದ್ದರು, ಗುಣ ಕಂಡಿರಲಿಲ್ಲ. ಬೂಟುಗಳನ್ನು ಅದಲುಬದಲು ಮಾಡಿದೆ: ಎಡ ಬೂಟು ಬಲ ಸ್ಕೀಗೆ, ಬಲ ಬೂಟು ಎಡ ಸ್ಕೀಗೆ. ಅಂಗೈಯಿಂದ ಬೂಟಿನ ಪಕ್ಕಕ್ಕೆ ಗುದ್ದಿದಾಗ ಎಡ ಬೂಟು ಬಲ ಸ್ಕೀಯಿಂದಲೂ ಹಾರಿತು. ಬೈಂಡಿಂಗ್ ಎರಡೂ ನಿರಪರಾಧಿ ಎಂದು ಅಲ್ಲಿಗೆ ಗೊತ್ತಾಯಿತು. ಬೂಟಿನ ತುದಿಯಲ್ಲಿ ಪಿನ್ ಕೂರುವ ಲೋಹದ ಗುಳಿಗೆ ಟಾರ್ಚ್ ಹಿಡಿದು, ಟೂತ್‌ಪಿಕ್ ಹಾಕಿ ಕೆದಕಿದೆ. ಕಪ್ಪು ಮಣ್ಣು, ಅದರ ತಳದಲ್ಲಿ ಗುಳಿಗೆ ಅಚ್ಚು ಹೊಯ್ದಂತೆ ಕೂತಿದ್ದ ಒಂದು ಕಲ್ಲಿನ ಚೂರು. ಪಿನ್ನಿನ ತುದಿ ಅದರ ಮೇಲೆ ನಿಂತಿತ್ತೇ ಹೊರತು ಗುಳಿಯೊಳಗೆ ಇಳಿದೇ ಇರಲಿಲ್ಲ. ಬಂಡೆಗಳ ಮೇಲೆ ಬೂಟಿನಲ್ಲಿ ನಡೆದವರಿಗೆಲ್ಲ ಹೀಗಾಗಬಹುದು. ಚೂರು ತೆಗೆದೆವು, ನಂಬರನ್ನು ಮೊದಲಿದ್ದಲ್ಲಿಗೆ ಇಳಿಸಿದೆವು, ಬಿಡುಗಡೆಯ ಬಲ ಅಳೆಯುವ ಮೆಷಿನ್ನಿನಲ್ಲಿ ಅಳೆದು ಕಳಿಸಿದೆವು.

ಬೂಟು ಅದಲುಬದಲು ಮಾಡುವ ಈ ಉಪಾಯಕ್ಕೆ ಖರ್ಚಿಲ್ಲ, ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ದೋಷ ಬೂಟಿನ ಜೊತೆ ಹೋಯಿತೋ, ಸ್ಕೀ ಜೊತೆ ಉಳಿಯಿತೋ ನೋಡಿದರೆ ಹುಡುಕಾಟ ಅರ್ಧ ಮುಗಿದಂತೆ. ಗುಳಿಯ ಅಂಚು ಸವೆದು ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಮಾತ್ರ ಸ್ವಚ್ಛ ಮಾಡಿ ಪ್ರಯೋಜನವಿಲ್ಲ, ಆ ಬೂಟಿನ ಕಾಲ ಮುಗಿಯಿತು. ಹಿಮ್ಮಡಿಯ ಲೋಹದ ತುಂಡನ್ನು ಹಿಡಿದಿರುವ ಸ್ಕ್ರೂ ಸಡಿಲವಾಗಿದೆಯೇ ಎಂದೂ ನೋಡಿ. ಅದನ್ನು ಎಲ್ಲರೂ ಮರೆಯುತ್ತಾರೆ.

ಬೆಟ್ಟದ ಮೇಲೆ ಆಗುವ ತೊಂದರೆಯ ಮುಖ್ಯ ಕಾರಣ ಮಂಜುಗಡ್ಡೆ. ಬೂಟು ಒತ್ತಿದಾಗ ಟೋ ಪೀಸಿನ ನಡುಭಾಗ ಕೆಳಗೆ ಕುಸಿಯುತ್ತದೆ, ಆಗ ರೆಕ್ಕೆಗಳು ಮುಚ್ಚುತ್ತವೆ. ಆ ನಡುಭಾಗದ ಅಡಿಯಲ್ಲಿ ಹಿಮ ಸೇರಿ ಒತ್ತಿ ಗಟ್ಟಿಯಾಗಿದ್ದರೆ ಕುಸಿಯಲು ಜಾಗವೇ ಇರುವುದಿಲ್ಲ. ರೆಕ್ಕೆ ಮುಕ್ಕಾಲು ಮುಚ್ಚಿ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಮೊದಲ ತಿರುವಿನಲ್ಲೇ ಸ್ಕೀ ಕಾಲಿನಿಂದ ಹೋಗುತ್ತದೆ. ಕೋಲಿನ ಮೊನೆಯಿಂದ ರೆಕ್ಕೆಗಳ ಅಡಿಯನ್ನು ಕೆರೆದು ತೆಗೆಯಿರಿ. ಬೂಟು ಹಾಕಿದ ಮೇಲೆ ಟೋ ಪೀಸಿನ ಮುಂದಿರುವ ಲಿವರನ್ನು ಮೇಲೆಳೆದು ಲಾಕ್ ಮಾಡಿ, ಹಿಮ್ಮಡಿಯನ್ನು ಹಲವು ಸಲ ಮೇಲೆ ಕೆಳಗೆ ಆಡಿಸಿ. ಗುಳಿಯೊಳಗೆ ಉಳಿದ ಮಂಜುಗಡ್ಡೆಯನ್ನು ಪಿನ್ನೇ ಅರೆದು ಹೊರಹಾಕುತ್ತದೆ. ನಿಮ್ಮ ಲಿವರ್ ಒಣ ಬೂಟಿನಲ್ಲಿ ಎಲ್ಲಿಯವರೆಗೆ ಏರುತ್ತದೆ, ಎಷ್ಟು ಬಿಗಿಯಾಗಿರುತ್ತದೆ ಎನ್ನುವುದನ್ನು ಮನೆಯಲ್ಲೇ ಕೈಗೆ ರೂಢಿ ಮಾಡಿಕೊಂಡಿರಿ. ಬೆಟ್ಟದಲ್ಲಿ ಅದಕ್ಕಿಂತ ಬೇರೆ ಅನಿಸಿದರೆ ಮತ್ತೆ ಬಿಚ್ಚಿ ನೋಡಬೇಕು.

ಈ ಲಾಕ್ ಇರುವುದು ಹತ್ತಲು. ಇಳಿಯುವಾಗಲೂ ಲಿವರನ್ನು ಲಾಕ್‌ನಲ್ಲೇ ಬಿಟ್ಟುಬಿಡುವವರ ಬಗ್ಗೆ ನನಗೆ ನಿಜವಾಗಿ ಆತಂಕವಿದೆ. "ಹಾಗೆ ಮಾಡಿದ್ರೆ ಬಿಚ್ಕೊಳ್ಳಲ್ಲ" ಎನ್ನುತ್ತಾರೆ. ಹೌದು, ಹಿಮಕುಸಿತದಲ್ಲಿ ಸಿಕ್ಕಾಗಲೂ ಬಿಚ್ಚಿಕೊಳ್ಳುವುದಿಲ್ಲ. ಕಾಲು ತಿರುಚಿದಾಗಲೂ ಬಿಡುವುದಿಲ್ಲ. ಜಾರಿದರೆ ಪ್ರಪಾತವೇ ಎನ್ನುವಂಥ ಜಾಗದಲ್ಲಿ, ಅಪಾಯ ತಿಳಿದೇ ಲಾಕ್ ಮಾಡುವ ಅನುಭವಿಗಳ ಮಾತು ಬೇರೆ. ಬೈಂಡಿಂಗ್ ಸರಿಯಿಲ್ಲ ಎಂಬ ಕಾರಣಕ್ಕೆ ಲಾಕ್ ಮಾಡುವುದನ್ನು ನಾನು ಒಪ್ಪಲಾರೆ.

ಮುಂದಿನದು ಹಿಮ್ಮಡಿ ಮತ್ತು ಹೀಲ್ ಪೀಸಿನ ನಡುವಿನ ಅಂತರ. ಹಲವು ಮಾದರಿಗಳಿಗೆ ಅದು 4 ಮಿಲಿಮೀಟರ್. ಕೆಲವಕ್ಕೆ ಅಂತರವೇ ಇರಬಾರದು, ಹಿಮ್ಮಡಿ ತಾಗಿಯೇ ಇರಬೇಕು. ಆದ್ದರಿಂದ ನಿಮ್ಮ ಮಾದರಿಯ ಕೈಪಿಡಿ ಹೇಳಿದ್ದೇ ಅಂತಿಮ, ಗೆಳೆಯರ ಬೈಂಡಿಂಗ್ ಲೆಕ್ಕ ಬೇಡ. ತಗ್ಗಿನಲ್ಲಿ ಸ್ಕೀ ಬಾಗಿದಾಗ ಹೀಲ್ ಪೀಸ್ ಬೂಟಿನ ಹತ್ತಿರಕ್ಕೆ ಬರುತ್ತದೆ. ಇರಬೇಕಾದ ಅಂತರ ಇಲ್ಲದಿದ್ದರೆ ಅದು ಬೂಟಿಗೆ ಒತ್ತಿ ಸಿಕ್ಕಿಕೊಂಡು ಬಿಡುಗಡೆಯ ಲೆಕ್ಕವೆಲ್ಲ ತಪ್ಪುತ್ತದೆ. ಅಂತರ ಹೆಚ್ಚಾದರೆ ಪಿನ್ನು ಸಾಕಷ್ಟು ಒಳಗೆ ಹೋಗದೆ ಬೇಗ ಬಿಟ್ಟುಬಿಡುತ್ತದೆ. ಹೊಸ ಬೂಟು ಕೊಂಡವರು "ಸೈಜ್ ಅದೇ ಅಲ್ವಾ" ಎಂದು ಹಾಗೇ ಹೋಗಿಬಿಡುತ್ತಾರೆ. ಕಾಲಿನ ಸೈಜ್ ಒಂದೇ ಇದ್ದರೂ ಕಂಪನಿಯಿಂದ ಕಂಪನಿಗೆ ಬೂಟಿನ ಅಟ್ಟೆಯ (ಸೋಲ್) ಉದ್ದ ಬೇರೆ. ಬೂಟು ಬದಲಾದರೆ ಅಂತರವನ್ನು ಮತ್ತೆ ಹೊಂದಿಸಲೇಬೇಕು.

ಸ್ಕ್ರೂಗಳ ವಿಷಯಕ್ಕೆ ಬಂದರೆ, ಹೀಲ್ ಪೀಸ್ ಅಲುಗಾಡುತ್ತಿದೆ ಎಂದಾಗ ನಾನು ಎಡಗೈ ಹೆಬ್ಬೆರಳಿನ ಉಗುರನ್ನು ಬೈಂಡಿಂಗ್ ತಳ ಮತ್ತು ಸ್ಕೀ ಸೇರುವ ಗೆರೆಯ ಮೇಲೆ ಇಟ್ಟು, ಬಲಗೈಯಿಂದ ಹೀಲ್ ಪೀಸನ್ನು ಅಲ್ಲಾಡಿಸುತ್ತೇನೆ. ಉಗುರಿಗೆ ಚಲನೆ ತಿಳಿದರೆ ಸ್ಕ್ರೂ ಸಡಿಲ. ಅಲುಗಾಟ ಅದಕ್ಕಿಂತ ಮೇಲೆ, ಪಿನ್ನುಗಳಿರುವ ಗೋಪುರದಲ್ಲಿ ಮಾತ್ರ ಇದ್ದರೆ ಒಳಗಿನ ಭಾಗ ಸವೆದಿದೆ. ಕೆಲವೊಮ್ಮೆ ಅಲ್ಲಾಡಿಸುವಾಗ ತಳದ ಅಂಚಿನಿಂದ ಒಂದು ಹನಿ ನೀರು ಒಸರುತ್ತದೆ. ಅದು ಕೆಟ್ಟ ಸೂಚನೆ, ನೀರು ಸ್ಕ್ರೂ ತೂತಿನ ಮೂಲಕ ಸ್ಕೀ ಒಳಗಿನ ಮರಕ್ಕೆ ಇಳಿಯುತ್ತಿದೆ ಎಂದರ್ಥ. ಅಂಥದ್ದನ್ನು ಬರೀ ಬಿಗಿ ಮಾಡಿ ಕಳಿಸುವುದಿಲ್ಲ. ಬೈಂಡಿಂಗ್ ಕಳಚಿ, ಮರವನ್ನು ಪೂರ್ತಿ ಒಣಗಲು ಬಿಟ್ಟು, ತೂತಿಗೆ ಅಂಟು ಹಾಕಿ ಮತ್ತೆ ಕೂರಿಸುತ್ತೇವೆ. ಹೊಸದಾಗಿ ಕೂರಿಸುವಾಗ ಲೋಹದ ಪದರ ಇರುವ ಸ್ಕೀಗೆ ಸಾಮಾನ್ಯವಾಗಿ 4.1 ಮಿಲಿಮೀಟರ್ ಡ್ರಿಲ್, ಇಲ್ಲದ್ದಕ್ಕೆ 3.5 ಅಥವಾ 3.6. ಆಳ ಸುಮಾರು 9 ಮಿಲಿಮೀಟರ್. ಆಳಕ್ಕೆ ತಡೆ ಇರುವ ಬಿಟ್ಟನ್ನೇ ಬಳಸಬೇಕು, ಕಣ್ಣಂದಾಜು ಬೇಡ.

ಒಂದು ಸಣ್ಣ ಮಾತು, ಆದರೆ ಇದರಿಂದ ಹಾಳಾದ ಸ್ಕ್ರೂ ತಲೆಗಳನ್ನು ಎಷ್ಟು ನೋಡಿದ್ದೇನೋ. ಪ್ಲಸ್ ಗುರುತಿನಂತೆ ಕಾಣುವ ಬೈಂಡಿಂಗ್ ಸ್ಕ್ರೂಗಳು ಸಾಮಾನ್ಯವಾಗಿ ಪೋಜಿಡ್ರೈವ್, 3ನೇ ಅಳತೆ. ಮನೆಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಕೂತಂತೆ ಕಾಣುತ್ತದೆ, ಬಲ ಹಾಕಿದ ಕೂಡಲೇ ಜಾರಿ ತಲೆಯನ್ನು ಕೊರೆದುಬಿಡುತ್ತದೆ. ಕೆಲವು ಟೂರಿಂಗ್ ಬೈಂಡಿಂಗ್‌ಗಳಲ್ಲಿ ನಕ್ಷತ್ರದಾಕಾರದ ಟಾರ್ಕ್ಸ್ ಇರುತ್ತದೆ, ಮೊದಲು ನೋಡಿಕೊಳ್ಳಿ. ಎಪಾಕ್ಸಿ ಹಾಕಿ ಕೂರಿಸಿದ ಸ್ಕ್ರೂ ಬರದಿದ್ದರೆ ಬಲವಂತ ಮಾಡದೆ, ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ಹಿಡಿದರೆ ಅಂಟು ಮೆತ್ತಗಾಗಿ ಬಿಡುತ್ತದೆ.

ಸ್ವಚ್ಛತೆಗೆ ಬೆಚ್ಚಗಿನ ನೀರು, ಮೆತ್ತನೆ ಬ್ರಷ್ ಸಾಕು. ಪ್ರೆಶರ್ ವಾಷರ್ ಬೇಡ, ಕಂಡಕಂಡ ಸ್ಪ್ರೇ ಬೇಡ. ಅವು ಒಳಗಿನ ಗ್ರೀಸನ್ನೇ ತೊಳೆದು ಹಾಕುತ್ತವೆ. ಹೀಲ್ ಪೀಸನ್ನು ಕೈಯಿಂದ ಪಕ್ಕಕ್ಕೆ ಸ್ವಲ್ಪ ತಿರುಗಿಸಿ ಬಿಟ್ಟರೆ ಥಟ್ಟನೆ ನಡುವಿಗೆ ಮರಳಬೇಕು. ಸೋಮಾರಿಯಾಗಿ ಮರಳಿದರೆ ಗ್ರೀಸ್ ಒಣಗಿದೆ ಅಥವಾ ಕೊಳೆ ಸೇರಿದೆ. ತಯಾರಕರು ಹೇಳಿದ, ಚಳಿಗೆ ಗಟ್ಟಿಯಾಗದ ಗ್ರೀಸನ್ನೇ ಹಾಕಿ. ಕಾರಿನ ಮೇಲೆ ಸ್ಕೀ ಸಾಗಿಸುವವರು ಬೈಂಡಿಂಗ್ ಮುಚ್ಚಿ ಒಯ್ಯಿರಿ, ರಸ್ತೆಗೆ ಹಾಕಿದ ಉಪ್ಪು ಸ್ಪ್ರಿಂಗುಗಳಿಗೆ ವಿಷ.

ಇಷ್ಟೆಲ್ಲ ನೋಡಿದ ಮೇಲೆ ನಂಬರಿನ ಸರದಿ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ರೀತಿ ಇವುಗಳಿಂದ ಅದನ್ನು ಲೆಕ್ಕ ಹಾಕುತ್ತಾರೆ. ಟೂರಿಂಗ್ ಬೈಂಡಿಂಗ್‌ಗಳಿಗೆಂದೇ ಐಎಸ್‌ಒ 13992 ಎಂಬ ಮಾನದಂಡವಿದೆ, ಆದರೆ ಅತಿ ಹಗುರ ಮಾದರಿಗಳಲ್ಲಿ ಹಲವಕ್ಕೆ ಆ ಪ್ರಮಾಣಪತ್ರ ಇರುವುದಿಲ್ಲ. ಕೆಲವದರಲ್ಲಿ ಮೇಲ್ಮುಖ ಬಿಡುಗಡೆಗೆ ನಂಬರೇ ಇಲ್ಲ, ಇಂಗ್ಲಿಷ್ ಯು ಆಕಾರದ ಒಂದು ಸ್ಪ್ರಿಂಗ್ ಇರುತ್ತದೆ. ಬಿಗಿ ಬದಲಿಸಬೇಕೆಂದರೆ ಸ್ಪ್ರಿಂಗನ್ನೇ ಬದಲಿಸಬೇಕು. ಹಾಗಾಗಿ ಬೈಂಡಿಂಗ್ ಮೇಲೆ ಬರೆದ ಅಂಕಿಯನ್ನು ನಂಬಿ ಕೂರದೆ, ನಿಮ್ಮದೇ ಬೂಟು ಹಾಕಿ ಮೆಷಿನ್ನಿನಲ್ಲಿ ಅಳೆಸಿ. ಸೀಸನ್ ಶುರುವಿಗೆ ಒಮ್ಮೆ, ಬೂಟು ಬದಲಿಸಿದಾಗ ಒಮ್ಮೆ.

ಚೀಲದಲ್ಲಿ ಏನಿರಬೇಕು ಎಂದು ಕೇಳುತ್ತಾರೆ. ಸರಿಯಾದ ಸ್ಕ್ರೂಡ್ರೈವರ್ ಬಿಟ್ಟುಗಳು, ನಾಲ್ಕಾರು ಸ್ಕ್ರೂ, ಸ್ವಲ್ಪ ಸ್ಟೀಲ್ ವುಲ್ (ಉಕ್ಕಿನ ನಾರು), ತಂತಿ, ಎರಡು ಗಟ್ಟಿ ರಬ್ಬರ್ ಪಟ್ಟಿ. ಹಿಡಿತ ಬಿಟ್ಟ ತೂತಿಗೆ ಸ್ಟೀಲ್ ವುಲ್ ತುರುಕಿ ಸ್ಕ್ರೂ ಬಿಗಿದರೆ ಮನೆ ಮುಟ್ಟುವವರೆಗೆ ಬಂದೀತು. ಬೇಗ ಒಣಗುವ ಎಪಾಕ್ಸಿಯನ್ನು ನೆಚ್ಚಿಕೊಳ್ಳಬೇಡಿ, ಕೊರೆಯುವ ಚಳಿಯಲ್ಲಿ ಅದು ಹೊತ್ತಿಗೆ ಗಟ್ಟಿಯಾಗುವುದಿಲ್ಲ. ಹೀಲ್ ಪೀಸ್ ಪೂರ್ತಿ ಕಿತ್ತುಬಂದರೆ ಹಿಮ್ಮಡಿಯನ್ನು ಪಟ್ಟಿಯಿಂದ ಸ್ಕೀಗೆ ಬಿಗಿದು ಎಂದಿನ ವೇಗದಲ್ಲಿ ಇಳಿಯಲು ಹೋಗಬೇಡಿ, ಬಿದ್ದರೆ ಅದು ಬಿಡುವುದಿಲ್ಲ. ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಹಾಕುವ ಸ್ಕಿನ್ ಪಟ್ಟಿಯನ್ನು ಮತ್ತೆ ಅಂಟಿಸಿ, ಹಿಮ್ಮಡಿ ಬಿಡುವಾಗಿಟ್ಟು, ಇಳಿಜಾರು ಕಡಿಮೆ ಇರುವ ದಾರಿ ಹುಡುಕಿ ನಿಧಾನಕ್ಕೆ ನಡೆದುಕೊಂಡೇ ಇಳಿಯಿರಿ.