ಊರಿಗೆ ಬಂದ ಮೇಲೆ ಯಾರು ನೋಡುತ್ತಾರಮ್ಮ?

ಈ ಬುಧವಾರ ಮಡಿಕೇರಿಯ ಕಣ್ಣಿನ ವೈದ್ಯರು ಜೋತುಬಿದ್ದಿರುವ ನನ್ನ ಎರಡೂ ಮೇಲ್ರೆಪ್ಪೆಗಳನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ಹುಬ್ಬಿನ ಮೇಲಕ್ಕೆ ತೆಳುವಾದ ಪ್ಲಾಸ್ಟರ್ ಅಂಟಿಸಿದರು. ಯಂತ್ರದೊಳಗೆ ಚುಕ್ಕಿ ಮಿನುಗಿದಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆಯನ್ನು ಪ್ಲಾಸ್ಟರ್ ಇಲ್ಲದೆ ಒಮ್ಮೆ, ಅಂಟಿಸಿಕೊಂಡು ಇನ್ನೊಮ್ಮೆ ಮಾಡಿಸಿದರು. ಎರಡನೆಯ ಸಲದ ಕಾಗದದಲ್ಲಿ, ಕಣ್ಣಿಗೆ ಕಾಣದ ಜಾಗವನ್ನು ತೋರಿಸುವ ಮೇಲ್ಭಾಗದ ಕಪ್ಪು ಬಹುಪಾಲು ಮಾಯವಾಗಿತ್ತು. ಆದರೆ ಕಾಗದ ಕೈಗೆ ಬರುವ ಮೊದಲೇ ನಾನು ಎದ್ದು ಕಿಟಕಿಯತ್ತ ತಿರುಗಿದ್ದೆ. ಗದ್ದ ಎತ್ತದೆ, ಹುಬ್ಬು ಏರಿಸದೆ, ಎದುರಿನ ಸಿಲ್ವರ್ ಓಕ್ ಮರ ತುದಿಯವರೆಗೂ ಕಂಡಿತು. ತೋಟದಲ್ಲಿ ಮೆಣಸಿನ ಬಳ್ಳಿ ಎಲ್ಲಿಯವರೆಗೆ ಹಬ್ಬಿದೆಯೆಂದು ಕತ್ತು ಹಿಂದಕ್ಕೆ ಬಾಗಿಸಿ ನೋಡುವುದು ಅಭ್ಯಾಸವಾಗಿ ನಾಲ್ಕು ವರ್ಷಗಳೇ ಕಳೆದಿವೆ. ನನಗೆ ಅಳು ಬಂತು. ರೆಪ್ಪೆ ಮುಚ್ಚಲು ಆಗುತ್ತಿರಲಿಲ್ಲ, ನೀರು ಹಾಗೆಯೇ ಕೆನ್ನೆಗೆ ಇಳಿಯಿತು.

ಆ ಸಂತೋಷದಲ್ಲಿಯೇ ರೆಪ್ಪೆಯ ಶಸ್ತ್ರಚಿಕಿತ್ಸೆಗೆಂದು ಕೊರಿಯಾದ ಸಿಯೋಲ್‌ನ ಆಸ್ಪತ್ರೆಯಿಂದ ತರಿಸಿದ್ದ ಅಂದಾಜು ಪಟ್ಟಿಯನ್ನು ಅವರ ಮುಂದೆ ಇಟ್ಟೆ. ಮೊದಲ ದಿನ ತಪಾಸಣೆ, ಎರಡನೆಯ ದಿನ ಶಸ್ತ್ರಚಿಕಿತ್ಸೆ, ಎಂಟನೆಯ ದಿನ ಹೊಲಿಗೆ ಬಿಚ್ಚುವುದು, ಒಂಬತ್ತನೆಯ ದಿನ ವಿಮಾನ. ಮಗಳು ಅಲ್ಲಿಯೇ ಕೆಲಸದಲ್ಲಿರುವುದರಿಂದ ನವೆಂಬರಿನಲ್ಲಿ ಹೋಗಿ ಪುತ್ತರಿ ಹಬ್ಬಕ್ಕೆ ಮೊದಲು ಮರಳುವುದೆಂದು ನಾವಿಬ್ಬರೂ ಲೆಕ್ಕ ಹಾಕಿದ್ದೆವು.

ಅವರು ಪಟ್ಟಿಯನ್ನು ಎರಡು ಸಲ ಓದಿ, "ಊರಿಗೆ ಬಂದ ಮೇಲೆ ಯಾರು ನೋಡುತ್ತಾರಮ್ಮ?" ಎಂದರು.

"ನೀವಿದ್ದೀರಲ್ಲ ಡಾಕ್ಟ್ರೇ."

"ಅಲ್ಲಿ ಏನು ಮಾಡಿದ್ದಾರೆಂದು ನನಗೆ ಯಾರು ಹೇಳುತ್ತಾರೆ?"

ಮಡಿಕೇರಿಯಿಂದ ಸೋಮವಾರಪೇಟೆಯವರೆಗೂ ಬಸ್ಸಿನಲ್ಲಿ ಈ ಎರಡು ಪ್ರಶ್ನೆಗಳೇ ನನ್ನ ಜೊತೆಗಿದ್ದವು. ವಿಮಾನ, ವೈದ್ಯಕೀಯ ಭೇಟಿಯ ಸಿ-3-3 ವೀಸಾ, ಮನೆಯ ಹಸುವನ್ನು ನೋಡಿಕೊಳ್ಳುವವರು, ಎಲ್ಲವನ್ನೂ ಯೋಚಿಸಿದ್ದ ನಾನು ಇದೊಂದನ್ನು ಯೋಚಿಸಿರಲಿಲ್ಲ.

ಪಟ್ಟಿಯಲ್ಲಿದ್ದದ್ದು ಹೆಚ್ಚಾದ ಚರ್ಮವನ್ನು ಕತ್ತರಿಸಿ ತೆಗೆಯುವುದು ಮಾತ್ರ. ನನ್ನ ತೊಂದರೆ ಅಷ್ಟೇ ಅಲ್ಲವೆಂದೂ, ರೆಪ್ಪೆಯನ್ನು ಎತ್ತುವ ಸ್ನಾಯುವಿನ ಹಿಡಿತವೇ ಸಡಿಲಗೊಂಡಿದೆಯೆಂದೂ, ಚರ್ಮ ತೆಗೆದರೂ ರೆಪ್ಪೆ ಇದ್ದಲ್ಲಿಯೇ ಇರುತ್ತದೆಯೆಂದೂ ವೈದ್ಯರು ವಿವರಿಸಿದರು. ಪಾಪೆಯ ನಡುವಿನಿಂದ ರೆಪ್ಪೆಯ ಅಂಚಿಗೆ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಅಂತರವಿರುತ್ತದೆ. ನನ್ನ ಎಡಗಣ್ಣಿನಲ್ಲಿ ಉಳಿದಿರುವುದು 1. ನಾವು ಕಳುಹಿಸಿದ್ದ ಫೋಟೊಗಳಲ್ಲಿ ನಾನು ಹುಬ್ಬನ್ನು ಪ್ರಯತ್ನಪಟ್ಟು ಏರಿಸಿಕೊಂಡಿದ್ದೆ. ಅದನ್ನು ನೋಡಿ ಅಲ್ಲಿಯವರು ಇದನ್ನೆಲ್ಲ ಹೇಗೆ ತಿಳಿಯಬೇಕಿತ್ತು? ರೆಪ್ಪೆಯಲ್ಲಿ ಮಡಿಕೆ ಇಲ್ಲದವರಿಗೆ ಮಡಿಕೆ ಮೂಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಕೊರಿಯಾದ ವೈದ್ಯರು ಪಳಗಿದವರು, ಅವರ ಕೈಗುಣದ ಬಗ್ಗೆ ನನಗೆ ಗೌರವವಿದೆ. ನನಗೆ ಬೇಕಾದುದು ಬೇರೆ.

ಆ ಆಸ್ಪತ್ರೆಗೂ ನಮಗೂ ನಡುವೆ ನಿಂತು ಮಾತನಾಡಿಸುತ್ತಿದ್ದ ಸಂಯೋಜಕಿಯ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಮುಂಗಡದ ಬಗ್ಗೆ ಕೇಳಿದಾಗ ನಿಮಿಷದಲ್ಲಿ ಉತ್ತರಿಸುತ್ತಿದ್ದವಳು, ಮರಳಿದ ಮೇಲೆ ತೊಂದರೆಯಾದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಎರಡು ದಿನ ಬಿಟ್ಟು, "ಫೋಟೊ ಕಳುಹಿಸಿ, ನೋಡುತ್ತೇವೆ" ಎಂದು ಬರೆದಳು. ಇಲ್ಲಿ ರಾತ್ರಿ ಹತ್ತಾದರೆ ಅಲ್ಲಿ ಒಂದೂವರೆ. ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣು ಒಣಗಿ ಉರಿಯುತ್ತಿರುವಾಗ ನಾನು ಫೋಟೊ ತೆಗೆದು ಬೆಳಗಾಗುವವರೆಗೆ ಕಾಯಬೇಕೇ? ಅಪರೂಪಕ್ಕೆ ಕಣ್ಣಿನ ಹಿಂದೆ ರಕ್ತ ತುಂಬಿ ದೃಷ್ಟಿಯೇ ಹೋಗುವ ಅಪಾಯವೂ ಇದೆ, ಅದು ಹೆಚ್ಚಾಗಿ ಮೊದಲ 24 ಗಂಟೆಗಳಲ್ಲಿ ಎಂದು ವೈದ್ಯರು ಹೇಳಿದ್ದರು. ಶಸ್ತ್ರಚಿಕಿತ್ಸೆಯಾದ ಆ ರಾತ್ರಿ ನಾನು ಮಲಗಬೇಕಾಗಿದ್ದುದು ಬಾಡಿಗೆಯ ಕೋಣೆಯಲ್ಲಿ.

ದೊಡ್ಡಮ್ಮ ಸುದ್ದಿ ಕೇಳಿ, "ಈ ವಯಸ್ಸಿನಲ್ಲಿ ಚೆಂದ ಯಾರಿಗೆ ಬೇಕು?" ಎಂದರು. ಆ ಮಾತು ನನಗೆ ನೋವು ತಂದಿತು. ಕನ್ನಡಿಯಲ್ಲಿ ಸದಾ ನಿದ್ದೆಗಣ್ಣಿನವಳಂತೆ ಕಾಣುವುದು ನನಗೆ ಇಷ್ಟವಿಲ್ಲ, ಹಣ್ಣಿನ ಗೊಂಚಲು ಕಾಣದಿರುವುದೂ ಇಷ್ಟವಿಲ್ಲ. ಇವೆರಡನ್ನೂ ಒಂದೇ ಬಾಯಲ್ಲಿ ಹೇಳಲು ಹೆಣ್ಣೊಬ್ಬಳು ನಾಚಿಕೊಳ್ಳಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಚೇತರಿಕೆಯ ಕಾಲವನ್ನು ನಾವು ತೀರಾ ಹಗುರವಾಗಿ ಎಣಿಸಿದ್ದೆವು. ಮೊದಲೆರಡು ದಿನ ತಣ್ಣನೆಯ ಬಟ್ಟೆ, ತಲೆಯಡಿ ಎರಡು ದಿಂಬು, ಮುಲಾಮು, ಕೃತಕ ಕಣ್ಣೀರಿನ ಹನಿ, ಒಂದೆರಡು ವಾರ ಬಾವು ಮತ್ತು ನೀಲಿಗಟ್ಟಿದ ಕಲೆ. ಒಂಬತ್ತನೆಯ ದಿನ ವಿಮಾನವಿಳಿದು ಬಂದರೆ ಇಲ್ಲಿ ಅರೇಬಿಕಾ ಕೊಯ್ಲು, ಕಣದ ದೂಳು, ಒಲೆಯ ಹೊಗೆ. ನಾನು ಸುಮ್ಮನೆ ಕೂರುವವಳೂ ಅಲ್ಲ.

ಪಟ್ಟಿಯ ಹಿಂಬದಿಯಲ್ಲಿ ವೈದ್ಯರು ಬರೆದುಕೊಟ್ಟದ್ದನ್ನು ನಿನ್ನೆ ರಾತ್ರಿ ಮಗಳಿಗೆ ಓದಿ ಹೇಳಿದೆ: ಮೊದಲು ಬೆಂಗಳೂರಿನಲ್ಲಿ ರೆಪ್ಪೆಯ ತಜ್ಞರನ್ನು ಕಾಣುವುದು, ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ ತಿಳಿಸುವುದು, ಸಿಯೋಲ್‌ಗೇ ಹೋದರೆ ಮೂರು ವಾರ ಉಳಿಯುವುದು, ಶಸ್ತ್ರಚಿಕಿತ್ಸೆಯ ಪೂರ್ತಿ ವಿವರವನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಬರುವುದು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನವೆಂಬರ್ ಬೇಡ ಅವ್ವ. ಕೊಯ್ಲು ಮುಗೀಲಿ, ಬೆಂಗಳೂರಿನವರು ಏನಂತಾರೆ ನೋಡೋಣ. ಎಲ್ಲಿ ಮಾಡಿಸಿದ್ರೂ ಮೂರು ವಾರ ನಾನು ರಜೆ ಹಾಕ್ತೀನಿ" ಎಂದಳು.