ಮಾರುತಿ 800: ಎಡಗಡೆ ಟೈರ್ ಒಳಗಿನಿಂದ ಸವೆಯುವ ಕಾಯಿಲೆ, ಇಲ್ಲಿವರೆಗಿನ ಕೆಲಸ

ಗಾಡಿ 2005ರ ಮಾಡೆಲ್, ಅಪ್ಪಯ್ಯ ಓಡಿಸುತ್ತಿದ್ದದ್ದು. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮಣ್ಣು ರಸ್ತೆ, ಶಿವಮೊಗ್ಗದ ಪೇಟೆ, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿ. ಇಷ್ಟೇ ಇದರ ಓಡಾಟ. ಟೈರ್ 145/70 ಆರ್12. ಹೊಸದು ಹಾಕಿಸಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಡಗಡೆ ಮುಂದಿನದು ಒಳಗಿನಿಂದ ಬೋಳಾಗಿತ್ತು. ಪಕ್ಕದಲ್ಲಿ ನಿಂತು ನೋಡಿದರೆ ಟೈರ್ ಚೆನ್ನಾಗಿಯೇ ಕಾಣುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮಡ್‌ಗಾರ್ಡ್ ಒಳಗೆ ತಲೆ ಹಾಕಿದರೆ ಮಾತ್ರ ನಿಜ ಗೊತ್ತಾಗುವುದು.

ಗೇಜ್ ಇಟ್ಟು ಟೈರಿನ ಗ್ರೂವ್‌ಗಳ ಆಳ ಅಳೆದೆ. ಹೊರಗಿನ ಗ್ರೂವ್ 5 ಮಿ.ಮೀ., ನಡುವಿನದು 4.5, ಒಳಗಿನದು ಸವೆತದ ಗುರುತಿನ ಮಟ್ಟಕ್ಕೇ ಬಂದಿದೆ, ಅಂದರೆ 1.6 ಮಿ.ಮೀ. ಬಲಗಡೆಯದೂ ಒಳಗೆ ಸವೆದಿದೆ, ಇಷ್ಟಲ್ಲ. ಇದು ಗಾಳಿಯ ತೊಂದರೆ ಅಲ್ಲ. ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತದೆ, ಹೆಚ್ಚಾದರೆ ನಡುಭಾಗ. ಶಾಕ್ ಅಬ್ಸಾರ್ಬರ್ ಹೋಗಿದ್ದರೆ ಅಲ್ಲಲ್ಲಿ ಗುಳಿ ಬೀಳುತ್ತದೆ. ಒಂದೇ ಅಂಚು ಹೋಯಿತೆಂದರೆ ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಅಥವಾ ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು), ಎರಡರಲ್ಲೊಂದು.

ಯಾವುದು ಅಂತ ತಿಳಿಯಲು ಅಂಗೈ ಸಾಕು. ಟೈರಿನ ಮೇಲೆ ಅಡ್ಡಡ್ಡ ಸವರಿದೆ. ಒಳಗಿನಿಂದ ಹೊರಕ್ಕೆ ಎಳೆದರೆ ನುಣುಪು. ಹೊರಗಿನಿಂದ ಒಳಕ್ಕೆ ಎಳೆದರೆ ಪ್ರತಿ ರಬ್ಬರ್ ಕಟ್ಟೆಯ ಅಂಚೂ ಚೂಪಾಗಿ ಬೆರಳಿಗೆ ಕಚ್ಚುತ್ತದೆ. ಚಕ್ರಗಳ ಮುಂಭಾಗ ಹೊರಕ್ಕೆ ಅಗಲಿಕೊಂಡಿದೆ, ಟೋ ಔಟ್ ಅನ್ನುತ್ತಾರಲ್ಲ, ಅದರ ಗುರುತು ಇದು. ಬರೀ ಕ್ಯಾಂಬರ್ ಆಗಿದ್ದರೆ ಒಂದು ಕಡೆ ಸವೆದರೂ ಈ ಚೂಪು ಇರುವುದಿಲ್ಲ.

ನೂಲು ಕಟ್ಟಿಯೂ ನೋಡಿದೆ. ಗಾರೆ ಹಾಕಿದ ಅಡಿಕೆ ಅಂಗಳ ನಮ್ಮಲ್ಲಿ ಸಮತಟ್ಟಾದ ಒಂದೇ ಜಾಗ. ಸ್ಟೇರಿಂಗ್ ನೇರ ಇಟ್ಟು, ಗಾಡಿಯ ಎರಡೂ ಪಕ್ಕ ಹಬ್‌ನ ಎತ್ತರಕ್ಕೆ ನೂಲು ಎಳೆದು, ಎಡಬಲ ಸಮ ದೂರ ಬರುವಂತೆ ಹೊಂದಿಸಿ, ರಿಮ್ಮಿನ ಮುಂದಿನ ಅಂಚು ಮತ್ತು ಹಿಂದಿನ ಅಂಚಿನಿಂದ ನೂಲಿಗೆ ಎಷ್ಟು ಅಂತ ಸ್ಟೀಲ್ ಸ್ಕೇಲಿನಲ್ಲಿ ಅಳೆಯುವುದು. ಒಂದೊಂದು ಚಕ್ರಕ್ಕೆ 2 ಮಿ.ಮೀ. ವ್ಯತ್ಯಾಸ ಬಂತು. ಸಣ್ಣದು ಅನಿಸಬಹುದು. ಸುಮಾರು 33 ಸೆಂ.ಮೀ. ಅಗಲದ ರಿಮ್ಮಿನಲ್ಲಿ 2 ಮಿ.ಮೀ. ಓರೆ ಅಂದರೆ, ಪ್ರತಿ ಕಿಲೋಮೀಟರಿಗೆ ಆ ಟೈರನ್ನು ಸುಮಾರು 6 ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗಾಯಿತು. ಟೈರ್ ಉಳಿಯುವುದಾದರೂ ಹೇಗೆ?

ಈಗ ಮುಖ್ಯ ವಿಷಯ. ಹೊಸ ಟೈರ್ ಹಾಕಿಸಿದಾಗಲೇ ಅಂಗಡಿಯಲ್ಲಿ ಚಕ್ರಗಳ ಕೋನ ಸರಿಮಾಡುವ ಕಂಪ್ಯೂಟರ್ ಅಲೈನ್‌ಮೆಂಟ್ ಆಗಿತ್ತು, ಪ್ರಿಂಟ್‌ನಲ್ಲಿ ಎಲ್ಲ ಹಸಿರೇ ಇತ್ತು. ಆದರೆ ಗಾಡಿ ಅಡಿಗೆ ಹೋಗಿ ಏನು ಅಲ್ಲಾಡುತ್ತಿದೆ ಎಂದು ಅವರು ನೋಡಿರಲಿಲ್ಲ. ನಮ್ಮೂರಿನ ಮೆಕ್ಯಾನಿಕ್ ಜಾಕ್ ಕೊಟ್ಟು ಎತ್ತಿ, ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿದ ಕೂಡಲೇ ಟಕ್ ಅಂತ ಸದ್ದು: ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನ ರಾಡನ್ನು ಚಕ್ರಕ್ಕೆ ಸೇರಿಸುವ ಕೀಲು, ಸಡಿಲವಾಗಿತ್ತು. "ಇದನ್ನ ಹೀಗೇ ಇಟ್ಕೊಂಡು ಅಲೈನ್‌ಮೆಂಟ್ ಮಾಡ್ಸಿದ್ರೆ ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ ಮಾರಾಯ್ರೆ" ಅಂದರು. ಅವರ ಮಾತು ಅಕ್ಷರಶಃ ಸರಿ. ಮಷಿನ್ ಅಳೆಯುವುದು ನಿಂತ ಗಾಡಿಯನ್ನು. ಸಡಿಲ ಇರುವ ಗಾಡಿ ರಸ್ತೆಯಲ್ಲಿ ಬೇರೆಯೇ ಅಳತೆಯಲ್ಲಿ ಓಡುತ್ತದೆ.

ಅದಕ್ಕಿಂತ ದೊಡ್ಡ ಕಳ್ಳ ಕೆಳಗಿದ್ದ. ಈ ಗಾಡಿಯ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಒಳತುದಿಯಲ್ಲಿ ಒಂದೇ ಬುಷ್ (ರಬ್ಬರ್ ಹಾಕಿದ ಕೊಳವೆ) ಮೇಲೆ ತೂಗುತ್ತದೆ. ಅದು ಹಿಂದೆ ಮುಂದೆ ಜರುಗದ ಹಾಗೆ ಹಿಡಿದಿರುವುದು ಸ್ಟೆಬಿಲೈಸರ್ ಬಾರ್, ಎರಡೂ ಕಡೆಯ ಆರ್ಮ್ ಜೋಡಿಸುವ ಕಬ್ಬಿಣದ ಸರಳು. ಎಡಗಡೆ ಬಾರಿನ ತುದಿಯ ರಬ್ಬರ್ ವಾಷರುಗಳು ಒಡೆದು ಚಪ್ಪಟೆಯಾಗಿದ್ದವು; ಆರ್ಮ್ ಬುಷ್ಷಿನ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಯಿಂದ ಬಿಟ್ಟುಕೊಂಡು, ಲಿವರ್ ಹಾಕಿ ಒತ್ತಿದರೆ ಬೆಳಕು ಕಾಣುವಷ್ಟು ಸಂದು ಬಿಡುತ್ತಿತ್ತು. ಬ್ರೇಕ್ ಒತ್ತಿದಾಗಲೆಲ್ಲ ಚಕ್ರ ಹಿಂದಕ್ಕೆ ಜರುಗುತ್ತಿತ್ತು. ಆಗುಂಬೆಯ 14 ತಿರುವು ಇಳಿಯುವಾಗ ಬ್ರೇಕ್ ಮೇಲೆ ಕಾಲು ಇದ್ದೇ ಇರುತ್ತದೆ. ಅಲ್ಲೇ ಗಾಡಿ ಎಡಕ್ಕೆ ಎಳೆಯುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು.

ಸಾಮಾನು ಶಿವಮೊಗ್ಗದಿಂದ ತಂದೆ. ಎರಡೂ ಕಡೆಯದನ್ನು ಒಟ್ಟಿಗೇ ಬದಲಾಯಿಸಿದೆವು: ಟೈ ರಾಡ್ ಎಂಡ್, ಆರ್ಮ್ ಬುಷ್, ಬಾರಿನ ಬುಷ್‌ಗಳು. ಬಾಲ್ ಜಾಯಿಂಟ್ (ಆರ್ಮ್ ಚಕ್ರಕ್ಕೆ ಸೇರುವ ಕೀಲು) ಗಟ್ಟಿ ಇತ್ತು, ಮುಟ್ಟಲಿಲ್ಲ. ಟೈ ರಾಡ್ ಎಂಡ್ ಬಿಚ್ಚುವ ಮೊದಲು ಹೊರಗೆ ಎಷ್ಟು ಮರೆ (ಥ್ರೆಡ್) ಕಾಣುತ್ತದೆ ಅಂತ ಎಣಿಸಿಟ್ಟುಕೊಂಡರೆ ಹೊಸದನ್ನು ಹತ್ತಿರ ಹತ್ತಿರ ಅಲ್ಲಿಗೇ ಕೂರಿಸಬಹುದು, ಪೇಟೆವರೆಗೆ ಓಡಿಸಿಕೊಂಡು ಹೋಗಲು ಧೈರ್ಯ. ಇನ್ನೊಂದು ಮಾತು, ಇದನ್ನು ಎಷ್ಟೋ ಕಡೆ ಪಾಲಿಸುವುದಿಲ್ಲ: ಆರ್ಮ್ ಬುಷ್ಷಿನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿಯಬಾರದು. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿತ. ಇಲ್ಲದಿದ್ದರೆ ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ಕೂತಿರುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ.

ಆಮೇಲೆ ಶಿವಮೊಗ್ಗದಲ್ಲಿ, ಈ ಸಲ ಬೇರೆ ಅಂಗಡಿಯಲ್ಲಿ, ಅಲೈನ್‌ಮೆಂಟ್. ಹುಡುಗ ಮೊದಲು ನಾಲ್ಕೂ ಟೈರಿಗೆ ಗಾಳಿ ನೋಡಿದ, ಸ್ಟೇರಿಂಗ್ ಲಾಕ್ ಮಾಡಿ, ಎಡಬಲ ಎರಡೂ ರಾಡ್ ತಿರುಗಿಸಿ ಟೋ ಸರಿ ಮಾಡಿದ. ಕೆಲಸ ನೋಡಿ ಖುಷಿಯಾಯಿತು. ಆದರೆ ಎಡಗಡೆ ಕ್ಯಾಂಬರ್ ಬಲಗಡೆಗಿಂತ ಇನ್ನೂ ಹೆಚ್ಚು ಒಳಕ್ಕೆ ವಾಲಿದೆ. ಈ ಗಾಡಿಯಲ್ಲಿ ಕ್ಯಾಂಬರ್ ತಿರುಗಿಸಿ ಹೊಂದಿಸಲು ವ್ಯವಸ್ಥೆ ಕೊಟ್ಟಿಲ್ಲ. ವ್ಯತ್ಯಾಸ ಇದೆಯೆಂದರೆ ಏನೋ ಬಾಗಿದೆ ಅಥವಾ ಸವೆದಿದೆ ಅಂತಲೇ ಅರ್ಥ. ನನ್ನ ಅನುಮಾನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಮೇಲೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಗೊತ್ತಾಗುವುದಿಲ್ಲ, ಎಡ ಚಕ್ರವೇ ರಸ್ತೆಯ ಅಂಚಿನಲ್ಲಿ ಬೀಳುವುದು.

ವಾಪಸ್ ಬರುವಾಗ ಗಾಜನೂರು ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು, ಹಿಡಿತ ಸಡಿಲಿಸಿ ನೋಡಿದೆ. ತುಸು ಎಡಕ್ಕೆ ವಾಲುತ್ತದೆ. ಮಳೆನೀರು ಹರಿಯಲೆಂದು ರಸ್ತೆಯೇ ಎಡಕ್ಕೆ ಇಳಿಜಾರು ಇರುವುದರಿಂದ ಅಷ್ಟು ಸಹಜ. ಬ್ರೇಕ್ ಒತ್ತಿದರೆ ಈಗ ನೇರ ನಿಲ್ಲುತ್ತದೆ.

ಬೋಳಾದ ಟೈರ್ ತೆಗೆದು ಹಾಕಿದೆ. ಸ್ಟೆಪ್ನಿ ಅದರ ಜಾಗಕ್ಕೆ ಬರಲಿ ಅಂದುಕೊಂಡಿದ್ದೆ. ಆದರೆ ಅದರ ಪಕ್ಕದಲ್ಲಿರುವ ತಯಾರಿಕೆಯ ನಾಲ್ಕು ಅಂಕಿಯಲ್ಲಿ ಕೊನೆಯ ಎರಡು 14, ಅಂದರೆ 2014ರಲ್ಲಿ ತಯಾರಾದದ್ದು. ಗ್ರೂವ್ ಹೊಸದರಂತಿದ್ದರೂ ಪಕ್ಕದಲ್ಲಿ ಸಣ್ಣ ಬಿರುಕು. ಅದನ್ನೂ ಬಿಟ್ಟು, ಮುಂದಕ್ಕೆ ಹೊಸ ಜೋಡಿ ಹಾಕಿಸಿದೆ. ಮೂರೂ ಗ್ರೂವ್‌ನ ಅಳತೆ ಬರೆದಿಟ್ಟಿದ್ದೇನೆ, 1000 ಕಿ.ಮೀ.ಗೆ ಮತ್ತೆ ಅಳೆಯುತ್ತೇನೆ. ಅಡಿಕೆ ಕೊಯ್ಲು ಮುಗಿದ ಮೇಲೆ ಎಡಗಡೆ ಸ್ಟ್ರಟ್ ಬಿಚ್ಚುವುದು.