ಕೋಡ್ ಸರಿ ಇತ್ತು, ಡೋರೇ ಬೇರೆ

ಗೀರು ಇದ್ದಿದ್ದು ಬರೀ ಒಂದು ಬೆರಳುದ್ದ. ಕಾರಿನ ಎಡಗಡೆ ಹಿಂದಿನ ಡೋರ್ ಮೇಲೆ, ಹ್ಯಾಂಡಲ್‌ಗಿಂತ ಸ್ವಲ್ಪ ಕೆಳಗೆ. ಪಾರ್ಕಿಂಗ್‌ನಲ್ಲಿ ಯಾವ್ದೋ ಸೈಕಲ್ ತಾಗಿರ್ಬೇಕು. "ಬಿಡ್ರೀ, ದೂರದಿಂದ ಕಾಣೋದೇ ಇಲ್ಲ" ಅಂದ್ಲು ಹೆಂಡ್ತಿ. ದೂರದಿಂದ ಯಾರು ನೋಡ್ತಾರೆ, ನಾನು ದಿನಾ ಪಕ್ಕಕ್ಕೇ ಹೋಗಿ ಹತ್ತೋನು, ಕಣ್ಣು ಸೀದಾ ಅಲ್ಲಿಗೇ ಹೋಗುತ್ತೆ.

ಮೊದ್ಲು ಗೀರಿಗೆ ಅಡ್ಡವಾಗಿ ಉಗುರು ಎಳೆದು ನೋಡ್ದೆ. ಉಗುರು ಸಿಕ್ಕಾಕೊಳ್ದೆ ಜಾರಿದ್ರೆ ಗೀರು ಬಣ್ಣದ ಮೇಲಿರೋ ಪಾರದರ್ಶಕ ಪದರದಲ್ಲೇ, ಅಂದ್ರೆ ಕ್ಲಿಯರ್ ಕೋಟ್‌ನಲ್ಲೇ ಇದೆ ಅಂತ, ಪಾಲಿಶ್‌ಗೆ ಹೋಗ್ಬಿಡುತ್ತೆ. ಇದ್ರಲ್ಲಿ ಸಿಕ್ಕಾಕೊಳ್ತು. ತಳದಲ್ಲಿ ಬೂದು ಬಣ್ಣದ ಪ್ರೈಮರ್ (ಬಣ್ಣದ ಕೆಳಗೆ ಹೊಡೆಯೋ ಪದರ) ಕಾಣ್ತಿತ್ತು, ಪುಣ್ಯಕ್ಕೆ ತಗಡು ಕಾಣ್ತಿರ್ಲಿಲ್ಲ, ಹಾಗಾಗಿ ತುಕ್ಕಿನ ತಲೆನೋವಿಲ್ಲ. ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲಾ ಸೇರಿದ್ರೂ ಕಾರ್ ಪೇಂಟ್ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಅಷ್ಟೇ ಅಂತೆ, ಒಂದೆರಡು ಕೂದಲೆಳೆಯಷ್ಟು. ಅಷ್ಟರೊಳಗೆ ನಾನು ಕೈಯಾಡಿಸಿ ರಿಪೇರಿ ಮಾಡ್ಬೇಕು.

ಸಿಲ್ವರ್ ಅಂದ್ರೆ ಸಿಲ್ವರ್, ಅದ್ರಲ್ಲೇನಿದೆ ಅಂದ್ಕೊಂಡಿದ್ದೆ. ನೋಡಿದ್ರೆ ಒಂದೇ ಕಂಪನಿದೇ ನಾಲ್ಕೈದು ಸಿಲ್ವರ್, ಹೆಸರು ನಂಬೋ ಹಾಗಿಲ್ಲ, ಕಾರ್ ಮೇಲೆ ಬರೆದಿರೋ ಬಣ್ಣದ ಕೋಡ್ ಬೇಕು. ಕೆಲವು ಕಾರಲ್ಲಿ ಬಾನೆಟ್ ಕೆಳಗಿರುತ್ತೆ, ನನ್ನ ಕಾರಲ್ಲಿ ಡ್ರೈವರ್ ಡೋರ್ ತೆಗೆದ್ರೆ ಕಂಬದ ಮೇಲೆ ಸ್ಟಿಕ್ಕರ್. ಆ ಕೋಡ್‌ದೇ ಬಣ್ಣದ ಸಣ್ಣ ಬಾಟ್ಲಿ ತರಿಸ್ದೆ, ಜೊತೆಗೆ ಕ್ಲಿಯರ್ ಕೋಟ್‌ದು ಇನ್ನೊಂದು.

ಭಾನುವಾರ ಬೆಳಿಗ್ಗೆ ನೆರಳಲ್ಲಿ ಕಾರ್ ನಿಲ್ಸಿ, ಗೀರು ತೊಳೆದು, ವ್ಯಾಕ್ಸ್ ಜಿಡ್ಡು ಹೋಗ್ಲಿ ಅಂತ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಾಟ್ಲಿನ ಎರಡು ನಿಮಿಷ ಕುಲುಕಿದೆ. ಒಳಗಿರೋ ಗುಂಡು ಟಕಟಕ ಅಂತಿರುತ್ತಲ್ಲ, ಅದು ಸುಮ್ನೆ ಅಲ್ಲ, ಲೋಹದ ಹುಡಿ ತಳಕ್ಕೆ ಕೂತಿರುತ್ತೆ, ಕುಲುಕದೆ ಹಚ್ಚಿದ್ರೆ ಬೇರೇನೇ ಬಣ್ಣ ಬರುತ್ತೆ. ಮುಚ್ಚಳದಲ್ಲಿದ್ದ ಬ್ರಷ್‌ನಿಂದ ಒಂದೇ ಎಳೆ ಎಳೆದೆ. ಅದು ಬ್ರಷ್ಷಾ ಪೊರಕೆನಾ, ಬೆರಳುದ್ದದ ಗೀರಿನ ಮೇಲೆ ಬೆರಳಗಲದ ಪಟ್ಟೆ! ಒಣಗಿದ್ಮೇಲೆ ನೋಡಿದ್ರೆ ಕಪ್ಪಗೆ, ಅದೂ ಸ್ವಲ್ಪ ಹಳದಿ ಹೊಡೀತಿತ್ತು. ಗೀರೇ ಚೆನ್ನಾಗಿತ್ತು.

ಬಟ್ಟೆಗೆ ಸ್ವಲ್ಪವೇ ಥಿನ್ನರ್ ಹಾಕಿ ಒರೆಸಿ ತೆಗೆದೆ (ಕ್ಲಿಯರ್ ಕೋಟ್‌ಗೂ ಅದು ತಾಗುತ್ತೆ, ಮನಸ್ಸು ಗಟ್ಟಿ ಮಾಡ್ಕೊಂಡು ಬೇಗ ಒರೆಸ್ಬೇಕು). ಅಂಗಡಿಯವನು ತಪ್ಪು ಬಾಟ್ಲಿ ಕಳ್ಸಿದಾನೆ ಅಂತ ಮನಸಲ್ಲೇ ಬೈದೂ ಆಯ್ತು. ಆಮೇಲೆ ಮೊದ್ಲೇ ಮಾಡ್ಬೇಕಿದ್ದ ಕೆಲ್ಸ ಮಾಡ್ದೆ, ಒಂದು ಬಿಳಿ ರಟ್ಟಿನ ಮೇಲೆ ಬಣ್ಣ ಹಚ್ಚಿ, ಒಣಗಿಸಿ, ಮೇಲೆ ಕ್ಲಿಯರ್ ಹಾಕಿ, ಮತ್ತೆ ಒಣಗಿಸಿ, ಡೋರ್ ಪಕ್ಕ ಹಿಡಿದೆ. ಅದೇ ಕಥೆ. ಕಪ್ಪಗಿರೋದಕ್ಕೆ ಕಾರಣ ಗೊತ್ತಿತ್ತು, ಸ್ಪ್ರೇ ಮಾಡಿದಾಗ ಲೋಹದ ಹುಡಿ ಚಪ್ಪಟೆಯಾಗಿ ಮಲಗುತ್ತೆ, ಬ್ರಷ್‌ನಲ್ಲಿ ಹಚ್ಚಿದ್ರೆ ಅಡ್ಡಾದಿಡ್ಡಿ ನಿಲ್ಲುತ್ತೆ, ಹೊಳಪು ಕಮ್ಮಿ. ಆದ್ರೆ ಹಳದಿ ಯಾಕೆ?

ರಟ್ಟು ಕೈಯಲ್ಲೇ ಇತ್ತು, ಸುಮ್ನೆ ಮುಂದೆ ಹೋಗಿ ಫೆಂಡರ್‌ಗೆ ಹಿಡಿದೆ. ಒಂಚೂರು ಕಪ್ಪಗಿದೆ, ಆದ್ರೆ ಬಣ್ಣ ಅದೇ! ಮುಂದಿನ ಡೋರ್‌ಗೆ ಹಿಡಿದೆ, ಅದೇ. ಬಾನೆಟ್, ಡಿಕ್ಕಿ, ಬಲಗಡೆ ಎರಡೂ ಡೋರ್, ಎಲ್ಲಾ ಕಡೆ ಅದೇ. ಗೀರು ಬಿದ್ದಿರೋ ಆ ಒಂದು ಡೋರ್‌ಗೆ ಮಾತ್ರ ಸೇರ್ತಿಲ್ಲ. ಹಿಂದಿನ ಬಂಪರ್ ಹತ್ರ ಕುಕ್ಕರುಗಾಲಲ್ಲಿ ಕೂತು ಕಾರ್ ಉದ್ದಕ್ಕೂ ಓರೆಯಾಗಿ ಕಣ್ಣು ಹಾಯಿಸ್ದೆ ನೋಡಿ, ಆಗ ಕಾಣಿಸ್ತು, ಆ ಡೋರ್ ತೆಳುವಾಗಿ ನೀಲಿ ಹೊಡೀತಿದೆ, ಅದಕ್ಕೇ ಅದ್ರ ಪಕ್ಕ ನನ್ನ ಬಣ್ಣ ಹಳದಿ ಕಾಣ್ತಿತ್ತು. ಎದುರಿಗೆ ನಿಂತ್ರೆ ಎಲ್ಲಾ ಒಂದೇ, ಓರೆಯಾಗಿ ನೋಡಿದ್ರೆ ಬೇರೆ. ಮೆಟಾಲಿಕ್ ಬಣ್ಣದ ಬುದ್ಧಿನೇ ಅದು.

ಡೋರ್ ತೆಗೆದು ಅಂಚು ಸವರಿದೆ. ಒಳಗಡೆ ಒಂದು ಸಣ್ಣ ಏಣು ಕೈಗೆ ಸಿಕ್ತು, ಯಾರೋ ಮತ್ತೆ ಪೇಂಟ್ ಹೊಡೆಯೋವಾಗ ಮಾಸ್ಕಿಂಗ್ ಟೇಪ್ ಅಂಟಿಸಿದ್ದ ಗೆರೆ. ಕಪ್ಪು ರಬ್ಬರ್ ಬೀಡಿಂಗ್ ಮೇಲೆ ಸಿಲ್ವರ್ ಧೂಳು. ಎರಡು ವರ್ಷದ ಹಿಂದೆ ಈ ಕಾರ್ ಮಾರಿದ ಪುಣ್ಯಾತ್ಮ "ಸಾರ್, ಒಂದು ಗೀರೂ ಇಲ್ಲ" ಅಂದಿದ್ದ. ಸುಳ್ಳು ಅನ್ನೋಕೂ ಆಗಲ್ಲ, ಹೊಸದಾಗಿ ಪೇಂಟ್ ಹೊಡೆದ ಡೋರ್ ಮೇಲೆ ಗೀರು ಎಲ್ಲಿಂದ ಬರ್ಬೇಕು? ಪಾಪ, ಅಂಗಡಿಯವನಿಗೆ ಸುಮ್ನೆ ಬೈದಿದ್ದೆ.

ಪೇಂಟ್ ಶಾಪ್‌ಗೆ ಹೋದ್ರೆ ಮೆಷಿನ್‌ನಲ್ಲಿ ಡೋರ್ ಬಣ್ಣ ಅಳೆದು ಅದಕ್ಕೇ ಮಿಕ್ಸ್ ಮಾಡಿ ಕೊಡ್ತಾರೆ. ಬೆರಳುದ್ದಕ್ಕೆ ಅಷ್ಟೆಲ್ಲ ಯಾಕೆ ಅಂತ ಇದ್ದ ಬಣ್ಣನೇ ಹಚ್ಚೋಕೆ ಕೂತೆ. ಈ ಸಲ ಬ್ರಷ್ ಮುಟ್ಲಿಲ್ಲ, ಟೂತ್‌ಪಿಕ್ ತುದಿಯಲ್ಲಿ ಒಂದೊಂದೇ ಚುಕ್ಕೆ ಇಟ್ಟು ಗೀರಿನ ಒಳಗೇ ಹರಿಯೋಕೆ ಬಿಟ್ಟೆ. ತುಂಬ್ತು ಅನ್ಸುತ್ತೆ, ಒಣಗಿದ್ರೆ ಮತ್ತೆ ಕುಸಿಯುತ್ತೆ, ಬಣ್ಣದಲ್ಲಿರೋ ಸಾಲ್ವೆಂಟ್ (ದ್ರಾವಕ) ಆರಿದಷ್ಟೂ ಬಣ್ಣ ಕುಗ್ಗುತ್ತೆ. ಗಂಟೆಗೊಂದು ಪದರ, ಮೂರು ಪದರ, ಆಮೇಲೆ ಕ್ಲಿಯರ್ ಎರಡು, ಸುತ್ತಲಿನದಕ್ಕಿಂತ ಸ್ವಲ್ಪ ಉಬ್ಬೋ ಹಾಗೆ. ಭಾನುವಾರ ಅಲ್ಲಿಗೆ ಮುಗೀತು.

ಒಂದು ವಾರ ಬಿಟ್ಟು, ರಬ್ಬರ್ ತುಂಡಿಗೆ 2000 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಮರಳು ಕಾಗದ) ಸುತ್ತಿ, ನೀರು ಹಾಕ್ತಾ ಉಬ್ಬು ಉಜ್ಜಿ ಮಟ್ಟ ಮಾಡ್ದೆ, ಆಮೇಲೆ ಇನ್ನೂ ನಯವಾದ 3000. ಕೈ ಸ್ವಲ್ಪ ಜಾಸ್ತಿನೇ ಓಡ್ತು, ಗೀರಿನ ಸುತ್ತ ಅಂಗೈಯಗಲ ಮಬ್ಬಾಗೋಯ್ತು. ಎದೆ ಧಸಕ್ ಅಂತು. ಅರ್ಧ ಗಂಟೆ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದ್ಮೇಲೆ ಹೊಳಪು ವಾಪಸ್ ಬಂತು.

ಈಗ ಬಿಸಿಲಲ್ಲಿ ಗೀರು ಕಾಣಲ್ಲ. ನೆರಳಲ್ಲಿ ಹುಡುಕಿದ್ರೆ ತೆಳ್ಳಗೆ ಹಳದಿ ಎಳೆ ಇದೆ. ಹೆಂಡ್ತಿ ಬಂದು ನೋಡಿ "ಎಲ್ಲಿತ್ತದು?" ಅಂದ್ಲು. ಅಲ್ಲಿಗೆ ಬಾಯಿ ಮುಚ್ಕೊಂಡಿರ್ಬೇಕಿತ್ತು ನಾನು. ಖುಷಿಲಿ ಡೋರ್ ಕಥೆ ಪೂರ್ತಿ ಹೇಳಿ, ಬಂಪರ್ ಹತ್ರ ಕೂರಿಸಿ ಓರೆಯಾಗಿ ನೋಡಿಸ್ಬಿಟ್ಟೆ. ಈಗ ದಿನಾ ಕಾರ್ ಹತ್ತೋಕೆ ಮುಂಚೆ "ರೀ, ಇವತ್ತು ಇನ್ನೂ ನೀಲಿ ಕಾಣ್ತಿದೆ ನೋಡಿ" ಅಂತಾಳೆ. ದೂರದಿಂದಲೂ ಕಾಣುತ್ತಂತೆ.